ಕಾಲು ಎತ್ತಿ ಕಟ್ಟುವ ಮುಂಚೆ

ಕಲಬುರಗಿಯಲ್ಲಿ ಆಪರೇಷನ್ ಥಿಯೇಟರ್ ಸಿಸ್ಟರ್ ಆಗಿ 19 ವರ್ಷ ಆಯಿತು. ಹೊಸದಾಗಿ ಬರುವ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಲಿಥಾಟಮಿ ಪೊಸಿಷನ್. ಗರ್ಭಚೀಲ ಜಾರಿದವರ ಆಪರೇಷನ್ನಿಗೆ, ಮೂತ್ರನಾಳದ ಕಲ್ಲು ತೆಗೆಯುವುದಕ್ಕೆ ಕಾಲು ಎತ್ತಿ ಅಗಲಿಸಿ ಇಡುತ್ತೇವಲ್ವಾ, ಅದೇ.

ಕೆಲಸ ವಾರ್ಡಿನಲ್ಲೇ ಶುರುವಾಗುತ್ತದೆ. ಸೇಡಂ, ಚಿಂಚೋಳಿ ಕಡೆಯಿಂದ ಬರುವ ಅಜ್ಜಿಯರು ತೊಗರಿ ಹೊಲದಲ್ಲಿ ದುಡಿದು ಸವೆದವರು. ಎಷ್ಟೋ ಜನರ ಸೊಂಟ, ಮೊಣಕಾಲು ಪೂರ್ತಿ ಮಡಚುವುದಿಲ್ಲ. "ಯವ್ವಾ, ಮೊಣಕಾಲು ಎದಿ ಕಡೆ ತರ್ರಿ, ಎಷ್ಟ್ ಬರ್ತದ ನೋಡಮು" ಎಂದು ಎಚ್ಚರ ಇರುವಾಗಲೇ ಮಾಡಿಸಿ. ನೋವು ಅಂದ ಜಾಗವನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಬೆನ್ನಿಗೆ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಕಾಲು ಎಳೆದಷ್ಟೂ ಬರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ.

ಎತ್ತುವುದಕ್ಕೆ ಇಬ್ಬರು ಬೇಕೇ ಬೇಕು. ಒಂದು ಕೈ ಹಿಮ್ಮಡಿ ಕೆಳಗೆ, ಇನ್ನೊಂದು ಮೊಣಕಾಲಿನ ಹಿಂದೆ. ಎರಡೂ ಕಾಲು ಒಟ್ಟಿಗೆ, ನಿಧಾನವಾಗಿ. ಒಂದೊಂದೇ ಎತ್ತಿದರೆ ಸೊಂಟ ತಿರುಚುತ್ತದೆ. ಆಕೆ ಎಚ್ಚರ ಇರುತ್ತಾಳೆ, ನಾಚಿಕೆ ಇರುತ್ತದೆ. ಕೆಲಸ ಶುರುವಾಗುವ ತನಕ ಚಾದರ ಸರಿಸಬೇಡಿ.

ನಿಮ್ಮ ಮೊಣಕಾಲಿನ ಹೊರಗಡೆ, ಸ್ವಲ್ಪ ಕೆಳಗೆ, ಒಂದು ಗುಂಡಗಿನ ಎಲುಬು ಕೈಗೆ ಸಿಗುತ್ತದೆ. ಈಗಲೇ ಮುಟ್ಟಿ ನೋಡಿ. ಪಾದ ಮೇಲೆತ್ತುವ ನರ ಅಲ್ಲೇ ಚರ್ಮದ ಕೆಳಗೆ ಹಾದು ಹೋಗುತ್ತದೆ. ಕಾಲು ಕಟ್ಟುವ ಕಂಬಿ ಅದನ್ನು ಒತ್ತಬಾರದು, ದಪ್ಪ ಪ್ಯಾಡ್ ಇಡಿ. ನಾನು ಹೊಸಬಳಿದ್ದಾಗ ಒಂದು ಆಸ್ಪತ್ರೆಯಲ್ಲಿ ಅವಸರದಲ್ಲಿ ಪ್ಯಾಡ್ ಇಡದೆ ಬಿಟ್ಟೆವು. ಮರುದಿನ ಆ ತಾಯಿಯ ಪಾದ ಏಳಲಿಲ್ಲ. ನಡೆದರೆ ಚಪ್ಪಲಿ ಕಳಚಿ ಬೀಳುತ್ತಿತ್ತು. ಸರಿಯಾಗಲು 3 ತಿಂಗಳು ಹಿಡಿಯಿತು.

ಟೇಬಲ್ಲಿನ ಕಾಲಿನ ಭಾಗ ಇಳಿಸುವಾಗ, ಮತ್ತೆ ಏರಿಸುವಾಗ ರೋಗಿಯ ಬೆರಳು ಎಲ್ಲಿವೆ ನೋಡಿ. ಸಂದಿಯಲ್ಲಿ ಸಿಕ್ಕರೆ ಜಜ್ಜಿ ಹೋಗುತ್ತವೆ. ಕೈಗಳು ಆರ್ಮ್ ಬೋರ್ಡ್ ಮೇಲಿರಲಿ. ಕೈಗಳನ್ನು ಮೈಯಿಂದ 90 ಡಿಗ್ರಿಗಿಂತ ಜಾಸ್ತಿ ಅಗಲಿಸಬೇಡಿ.

ಕಾಲು ಎತ್ತಿದ ಹೊತ್ತು ಬರೆದಿಡಿ. 2 ತಾಸು ಆಗುತ್ತಾ ಬಂದರೆ ಸರ್ಜನ್‌ಗೆ ಬಾಯಿಬಿಟ್ಟು ಹೇಳಿ. ಹೆದರಿ ಸುಮ್ನೆ ನಿಲ್ಲಬೇಡಿ. ಹೊತ್ತು ಹೆಚ್ಚಿದಷ್ಟು ನರಕ್ಕೂ ಮೀನಖಂಡಕ್ಕೂ ಅಪಾಯ ಹೆಚ್ಚು.

ಇಳಿಸುವ ಮುಂಚೆ ಅನಸ್ತೇಶಿಯಾ ಡಾಕ್ಟರಿಗೆ ಹೇಳಿ. ಎರಡೂ ಕಾಲು ಮಧ್ಯಕ್ಕೆ ತಂದು, ಒಟ್ಟಿಗೆ, ನಿಧಾನವಾಗಿ ಇಳಿಸಿ. ರಕ್ತ ಕಾಲಿಗೆ ಇಳಿದು ಬಿಪಿ ಬೀಳಬಹುದು.

ಜೋಮು ಬಿಟ್ಟ ಮೇಲೆ ಹಾಸಿಗೆ ಹತ್ತಿರ ಹೋಗಿ, "ಯವ್ವಾ, ಹೆಬ್ಬೆರಳು ಮ್ಯಾಲ ಎತ್ರಿ" ಅನ್ನಿ. ಎರಡೂ ಕಡೆ ನೋಡಿ. ಒಂದು ಏಳದಿದ್ದರೆ, ಮೀನಖಂಡ ಬಿಗಿದು ನೋಯುತ್ತಿದ್ದರೆ, ಬೆಳಗಿನ ರೌಂಡ್ ತನಕ ಕಾಯಬೇಡಿ. ಆಗಲೇ ಡಾಕ್ಟರಿಗೆ ಫೋನ್ ಮಾಡಿ.