ಕಥೆಯಲ್ಲಿ ದೃಶ್ಯ ಕಟ್ಟುವಾಗ ನಾನು ಮಾಡುವುದು

ಸಣ್ಣಕಥೆಯಲ್ಲಿ ಒಂದು ದೃಶ್ಯಕ್ಕೆ ನಾನು ಕೊಡುವ ಜಾಗ 300ರಿಂದ 500 ಪದ. ಬರೆಯುವ ಮೊದಲೇ ಗುರುತು ಹಾಕಿಕೊಳ್ಳುತ್ತೇನೆ: ಇಲ್ಲಿ ಯಾರಿಗೆ ಏನು ಬೇಕು, ಅದಕ್ಕೆ ಅಡ್ಡ ಯಾರು? ಇದಕ್ಕೆ ಉತ್ತರ ಸಿಗದಿದ್ದರೆ ದೃಶ್ಯವೇ ಬೇಡ. ನಡೆದದ್ದನ್ನು ಎರಡು ವಾಕ್ಯದಲ್ಲಿ ಹೇಳಿ ದಾಟಿಬಿಡುತ್ತೇನೆ.

ಮನೆ ಪಾಲಾದ ಮೇಲಿನ ದೃಶ್ಯ ಅಂದುಕೊಳ್ಳಿ. ಮೈದುನನಿಗೆ ಅವ್ವನ ತಾಮ್ರದ ಹಂಡೆ ಬೇಕು, ಅತ್ತಿಗೆಗೆ ಕೊಡುವ ಮನಸ್ಸಿಲ್ಲ. ಅವನು ಬಸ್ಸಿಳಿದದ್ದು, ಕಾಫಿ ಕುಡಿದದ್ದು ಯಾವುದೂ ಬೇಡ. ಹಂಡೆಯ ಮೇಲೆ ಕಣ್ಣು ಬಿದ್ದಲ್ಲಿಂದ ಶುರು.

“ಹಂಡೆ ಈಗಲೂ ಸೋರುತ್ತಾ ಅತ್ತಿಗೆ?”

“ಈಗ ತಾನೆ ನೀರು ತುಂಬಿಸಿದೀನಿ. ಸ್ನಾನ ಮಾಡ್ಕೊಂಡೇ ಹೋಗ್ತೀರಲ್ವಾ?”

ಅವನು ಬಾಯಿಬಿಟ್ಟು ಕೇಳಲಿಲ್ಲ, ಅವಳೂ ಇಲ್ಲವೆನ್ನಲಿಲ್ಲ. “ಪಾಲಾಗಿ ಆರು ತಿಂಗಳಾಯ್ತು, ಹಂಡೆ ನಿನಗೇ ಅಂತ ಅವ್ವ ನನಗೆ ಅಂದಿದ್ಲು” ಎಂದು ಅವನ ಬಾಯಲ್ಲಿ ಹೇಳಿಸಿದ್ದರೆ ಅದು ಓದುಗರಿಗಾಗಿ ಆಡಿದ ಮಾತು. ಅತ್ತಿಗೆಗೆ ಅದೆಲ್ಲ ಮೊದಲೇ ಗೊತ್ತು. ಸಂಭಾಷಣೆ ಕೆಡುವುದು ಹೆಚ್ಚಾಗಿ ಇಲ್ಲೇ.

ನನ್ನ ಹೆಚ್ಚು ಹೊತ್ತು ಹೋಗುವುದು ಕ್ರಿಯಾಪದಗಳಿಗೆ. “ಎದ್ದು, ಬಚ್ಚಲಿಗೆ ಹೋಗಿ, ಸೌದೆ ಒಟ್ಟಿ, ಒಲೆ ಹೊತ್ತಿಸಿ ಬಂದಳು” ಎಂದರೆ ಕಾಲು ಗಂಟೆ ಒಂದೇ ವಾಕ್ಯದಲ್ಲಿ ಕಳೆಯಿತು. “ಎದ್ದಳು. ಹಂಡೆಗೆ ಅಡ್ಡ ನಿಂತಳು.” ಇವು ಎರಡೇ ಕ್ಷಣ, ಆದರೆ ಎರಡೂ ಕಣ್ಣಿಗೆ ಕಾಣುತ್ತವೆ. ಹಾಗಾಗಿ ಮುಖ್ಯವಲ್ಲದ ಕೆಲಸಗಳನ್ನು ಹೋಗಿ, ಬಂದು ಎಂದು ಪೋಣಿಸಿಬಿಡಿ. ಮುಖ್ಯವಾದದ್ದಕ್ಕೆ ಪೂರ್ಣವಿರಾಮ ಕೊಡಿ. ಅದಲುಬದಲಾದರೆ ಜಗಳದಲ್ಲಿ ಬಿದ್ದ ಏಟೂ ಓದುಗರ ಗಮನಕ್ಕೆ ಬರದೆ ಜಾರಿಹೋಗುತ್ತದೆ.

ಇನ್ನೊಂದು ಕಾಟ “ಇತ್ತು”. ಬಾಗಿಲು ಮುಚ್ಚಿತ್ತು, ಒಲೆ ಉರಿಯುತ್ತಿತ್ತು, ಹೊಗೆ ತುಂಬಿತ್ತು ಎಂದು ಸಾಲಾಗಿ ಬಂದರೆ ದೃಶ್ಯ ಫೋಟೋದಂತೆ ನಿಂತುಬಿಡುತ್ತದೆ. ಇಂಥ ವಿವರಗಳನ್ನು ಪಾತ್ರದ ಕೆಲಸದೊಳಗೇ ಸೇರಿಸುತ್ತೇನೆ: “ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಬಾಗಿಲು ದೂಡಿದ.” ಇಲ್ಲಿ “ಅವನು” ಬೇಕಿಲ್ಲ, “ದೂಡಿದ” ಅಂದರೇ ಸಾಕು. ಆದರೆ ಅಣ್ಣನೂ ಅಲ್ಲೇ ಇದ್ದರೆ ಯಾರು ದೂಡಿದ್ದೆಂದು ಗೊತ್ತಾಗುವುದಿಲ್ಲ. ಆಗ ನಾಲ್ಕೈದು ಮಾತಿಗೊಮ್ಮೆ ಹೆಸರೋ ಸಂಬಂಧವೋ ಬರಲೇಬೇಕು.

ಕೊನೆಗೆ ಎಲ್ಲವನ್ನೂ ಗಟ್ಟಿಯಾಗಿ ಓದುತ್ತೇನೆ. ಒಂದು ಮಾತನ್ನು ಒಂದೇ ಉಸಿರಿಗೆ ಆಡಲಾಗದಿದ್ದರೆ ಅದನ್ನು ಒಡೆಯುತ್ತೇನೆ, ಅಥವಾ ನಡುವೆ ಎದುರಿನವರನ್ನು ಬಾಯಿ ಹಾಕಿಸುತ್ತೇನೆ.