ಕವಚ ತೊಟ್ಟು ಕಲಿತ ದ್ವಂದ್ವಯುದ್ಧ: ನನ್ನ ಅನುಭವ

ಉದ್ಯೋಗದ ನಿಮಿತ್ತ ಇಟಲಿಯ ಪಾದೋವಾ ನಗರದಲ್ಲಿದ್ದ ನಾಲ್ಕು ವರ್ಷಗಳಲ್ಲಿ ನಾನು ಮಧ್ಯಯುಗದ ನೈಟ್‌ಗಳ ಖಡ್ಗವಿದ್ಯೆಯನ್ನು ಕಲಿತೆ. ನಮ್ಮ ಅಭ್ಯಾಸಕ್ಕೆ ಆಧಾರವಾಗಿದ್ದದ್ದು ಫಿಯೋರೆ ದೇಯ್ ಲಿಬೇರಿ ಎಂಬ ಗುರು 1410ರ ಸುಮಾರಿಗೆ ರಚಿಸಿದ ಸಚಿತ್ರ ಹಸ್ತಪ್ರತಿ. ಅವನ ಶಿಷ್ಯ ಗಲೆಯಾತ್ಸೊ ಫ್ರಾನ್ಸಿನ ಪ್ರಸಿದ್ಧ ನೈಟ್ ಬೂಸಿಕೊನೊಡನೆ 1395ರಲ್ಲಿ ಹೋರಾಡಿದ್ದು ಇದೇ ಪಾದೋವಾದಲ್ಲಿ. ಆ ಪ್ರತಿಯ ಒಂದು ಪುಟದಲ್ಲಿ ಮನುಷ್ಯಾಕೃತಿಯ ಸುತ್ತ ನಾಲ್ಕು ಪ್ರಾಣಿಗಳಿದ್ದು, ಕಾಲಿನ ಬಳಿಯ ಆನೆ ಬೆನ್ನ ಮೇಲೆ ಕೋಟೆಯನ್ನು ಹೊತ್ತು ದೃಢತೆಯನ್ನು ಸೂಚಿಸುತ್ತದೆ. ದಸರೆಯ ಅಂಬಾರಿಯನ್ನು ನೋಡುತ್ತ ಬೆಳೆದ ನನಗೆ ಹೆಜ್ಜೆಯನ್ನು ಹೇಗೆ ಊರಬೇಕೆಂಬುದು ಗುರುಗಳ ಮಾತಿಗಿಂತ ಮೊದಲು ಆ ಚಿತ್ರದಿಂದಲೇ ತಿಳಿಯಿತು.

ಮೂರನೆಯ ವರ್ಷ ಕವಚ ತೊಟ್ಟೆ. ಅದರ ತೂಕ 24 ಕಿಲೋ. ಭಾರವು ಮೈಯೆಲ್ಲ ಹಂಚಿಹೋಗುವುದರಿಂದ ಓಡಬಹುದು, ಬಿದ್ದರೆ ತಾನಾಗಿ ಏಳಬಹುದು. ನಿಜವಾದ ಕಷ್ಟ ಶಿರಸ್ತ್ರಾಣದೊಳಗಿನದು: ಕಣ್ಣಿಗೆ ಒಂದು ಸೀಳು ಮಾತ್ರ, ಬಿಟ್ಟ ಉಸಿರು ಮುಖಕ್ಕೇ ಮರಳುತ್ತದೆ.

ಮೊದಲ ಕಾಳಗದಲ್ಲಿ ನಾನು ಉಕ್ಕಿನ ಮೇಲೆ ಬೀಸಿ ಹೊಡೆದು ತೋಳು ದಣಿಸಿಕೊಂಡೆ. ಉಕ್ಕಿನ ಹಲಗೆಯನ್ನು ಖಡ್ಗ ಕತ್ತರಿಸಲಾರದು. ಆದುದರಿಂದಲೇ ಎಡಗೈಯಿಂದ ಅಲಗಿನ ನಡುಭಾಗವನ್ನು ಹಿಡಿದು, ಖಡ್ಗವನ್ನು ಗಿಡ್ಡ ಈಟಿಯಂತೆ ಮಾಡಿಕೊಂಡು, ಕಂಕುಳು, ಮೊಣಕೈಯ ಒಳಮಡಿಕೆ, ಅಂಗೈ ಮೊದಲಾದ ಸಂದುಗಳನ್ನು ಹುಡುಕಬೇಕೆಂದು ಫಿಯೋರೆ ಕಲಿಸುತ್ತಾನೆ. ಕವಚವಿಲ್ಲದೆ ಹರಿತವಾದ ಖಡ್ಗದೊಡನೆ ಒಮ್ಮೆ ಹೋರಾಡುವುದಕ್ಕಿಂತ ಕವಚ ತೊಟ್ಟು ಕಣದಲ್ಲಿ ಮೂರು ಸಲ ಹೋರಾಡುವುದೇ ಮೇಲೆಂದು ಅವನು ಪೀಠಿಕೆಯಲ್ಲಿ ಬರೆದ ಮಾತಿನ ತೂಕ ನನಗೆ ಅಂದು ಅರಿವಾಯಿತು.

ಎಷ್ಟು ಪೆಟ್ಟು, ಯಾವ ಆಯುಧ ಎಂಬುದನ್ನು ಅಂದಿನ ನೈಟ್‌ಗಳು ಮುಂಚಿತವಾಗಿ ಗೊತ್ತುಮಾಡಿಕೊಳ್ಳುತ್ತಿದ್ದಂತೆ ನಾವೂ ಮೊಂಡು ಖಡ್ಗ, ಐದು ಪೆಟ್ಟು ಎಂದು ಒಪ್ಪಿಕೊಂಡಿದ್ದೆವು. ಇನ್ನೊಂದು ನಿಯಮವೂ ಇತ್ತು: ಸಂದಿಗೆ ತಾಕಿದ ಮೊನೆ ನಿರ್ಣಾಯಕರಿಗೆ ಬಹುಮಟ್ಟಿಗೆ ಕಾಣಿಸದಾದ್ದರಿಂದ, ಪೆಟ್ಟು ತಿಂದವನೇ ಕೈಯೆತ್ತಿ ಹೇಳಬೇಕು. ನಾಲ್ಕು ನಾಲ್ಕು ಸಮನಾಗಿದ್ದಾಗ ನನ್ನ ಕಂಕುಳಿನ ಸರಪಣಿ ಜಾಲರಿಯನ್ನು ಎದುರಾಳಿಯ ಮೊನೆ ಮೆತ್ತಗೆ ಒತ್ತಿತು. ಅದನ್ನು ಯಾರೂ ನೋಡಿರಲಿಲ್ಲ, ಅವನಿಗೂ ಖಚಿತವಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ತಡೆದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬಳಿಕ ಕೈಯೆತ್ತಿದೆ. ಅವನು ಮುಖಪಟ ಸರಿಸಿ, ಖಡ್ಗ ಕೆಳಗಿಟ್ಟು, ನನ್ನ ಶಿರಸ್ತ್ರಾಣದ ಪಟ್ಟಿಯನ್ನು ಮೊದಲು ಬಿಚ್ಚಿಕೊಟ್ಟ.