ಮುಚ್ಚಳ ಎಣಿಸುತ್ತಾ ಹೊಳೆಯ ದಾರಿ ಹಿಡಿದೆವು

ಮೊದಲ ಎರಡು ವರ್ಷ ನಾವು ಮಾಡಿದ್ದು ಒಂದೇ ಕೆಲಸ. ಭಾನುವಾರ ಬೆಳಿಗ್ಗೆ ಕಡಲ ದಂಡೆಗೆ ಹೋಗುವುದು, ಕಂಡದ್ದನ್ನೆಲ್ಲ ಹೆಕ್ಕಿ ಚೀಲ ತುಂಬುವುದು, ಚೀಲಗಳನ್ನು ಗಾಡಿಗೆ ಹಾಕಿ ಮನೆಗೆ ಬರುವುದು. ಮುಂದಿನ ಭಾನುವಾರ ಹೋದರೆ ಮತ್ತೆ ಅಷ್ಟೇ ಕಸ. ಬೇಸರ ಆಗುತ್ತಿತ್ತು, ಆದರೂ ಬಿಡಲು ಮನಸ್ಸಿರಲಿಲ್ಲ. ಒಂದು ದಿನ ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು, "ಇಷ್ಟು ದಿನ ಹೆಕ್ಕಿದ್ದರಲ್ಲಿ ಏನೇನಿತ್ತು?" ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಎಷ್ಟು ಚೀಲ ಅಂತ ಗೊತ್ತಿತ್ತು, ಚೀಲದೊಳಗೆ ಏನಿತ್ತು ಅಂತ ಗೊತ್ತಿರಲಿಲ್ಲ.

ಅಂದಿನಿಂದ ಎಣಿಸಲು ಶುರು ಮಾಡಿದೆವು. ಇದೇನೂ ನಮ್ಮ ಹೊಸ ಯೋಚನೆಯಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲ ತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ ಎಂಬ ಇಬ್ಬರು ಹೆಂಗಸರು ಜನರನ್ನು ಕೂಡಿಸಿ ದಂಡೆ ಶುಚಿ ಮಾಡಿಸಿದಾಗಲೇ, ಸುಮ್ನೆ ಹೆಕ್ಕಬೇಡಿ, ಒಂದೊಂದನ್ನೂ ಕಾರ್ಡಿನಲ್ಲಿ ಬರೆಯಿರಿ ಅಂದಿದ್ದರು. ಇವತ್ತು ಪ್ರತಿ ಸೆಪ್ಟೆಂಬರ್‌ನಲ್ಲಿ ಲೋಕದ ಉದ್ದಕ್ಕೂ ನಡೆಯುವ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ ಹುಟ್ಟಿದ್ದು ಹೀಗೆ. ನಾವು ಆ ಕಾರ್ಡನ್ನು ನಮಗೆ ಬೇಕಾದ ಹಾಗೆ ಚಿಕ್ಕದು ಮಾಡಿಕೊಂಡೆವು: ಮುಚ್ಚಳ, ಬಾಟಲಿ, ತಿಂಡಿ ಪೊಟ್ಟಣ, ಹಗ್ಗ, ಬಲೆ ತುಂಡು, ಥರ್ಮೋಕೋಲ್, ಚಪ್ಪಲಿ, ಗುರುತು ಸಿಗದ ಚೂರು. ಮತ್ತೆ ಕೊನೆಗೆ ಒಂದು ಖಾಲಿ ಸಾಲು. ಆ ಖಾಲಿ ಸಾಲಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಎಣಿಸುವ ಕ್ರಮ ಹೀಗೆ. ದಂಡೆಯಲ್ಲಿ ನೂರು ಮೀಟರ್ ಅಳೆದು ಎರಡು ತುದಿಗೂ ಗುರುತು ಹಾಕಿಕೊಳ್ಳಿ. ಪ್ರತಿ ಸಲವೂ ಅದೇ ನೂರು ಮೀಟರ್. ಕಸ ಜಾಸ್ತಿ ಇರುವ ಕಡೆ ಹೋಗೋಣ ಅನ್ನಿಸುತ್ತದೆ, ಅದು ಸಹಜ, ಆದರೆ ಜಾಗ ಬದಲಾದರೆ ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿ ನೋಡಲು ಆಗುವುದಿಲ್ಲ. ಇಬ್ಬರು ಹೆಕ್ಕುತ್ತಾ ಕೂಗಿ ಹೇಳಬೇಕು, ಒಬ್ಬರು ಬರೆಯಬೇಕು. ಹೆಕ್ಕುವವರೇ ಬರೆಯಲು ಹೋದರೆ ಒದ್ದೆ ಕೈಗವಸು, ಮರಳು, ಪೆನ್ನು ಎಲ್ಲ ಸೇರಿ ಕಾಗದ ಹಾಳಾಗುತ್ತದೆ. ಉಬ್ಬರ ಇಳಿಯಲು ಶುರುವಾದ ಒಂದೆರಡು ಗಂಟೆಗೆ ಹೋದರೆ ಒಳ್ಳೆಯದು. ನೀರು ಹಿಂದೆ ಸರಿಯುವಾಗ ಪಾಚಿ, ಕಡ್ಡಿ, ಕಸವನ್ನೆಲ್ಲ ಒಂದು ಗೆರೆಯಾಗಿ ಬಿಟ್ಟು ಹೋಗಿರುತ್ತದೆ, ನಾವು ಹುಡುಕುವುದೆಲ್ಲ ಆ ಗೆರೆಯಲ್ಲೇ ಇರುತ್ತದೆ. ಪಾಚಿಯನ್ನೂ ಒಣ ಮರವನ್ನೂ ಮಾತ್ರ ಅಲ್ಲೇ ಬಿಡಿ. ಅದು ಕಸ ಅಲ್ಲ, ಹುಳು, ಏಡಿ, ಹಕ್ಕಿಗಳ ಆಸರೆ.

ಒಂದು ತಪ್ಪು ನಮ್ಮಿಂದ ಆಯಿತು, ನೀವು ಮಾಡಬೇಡಿ. ಅಮಾವಾಸ್ಯೆಯ ಹಿಂದುಮುಂದಿನ ದಿನ. ಕೆಲಸ ಮುಗಿಯುವಾಗ ಕತ್ತಲಾಗಿತ್ತು, ಗಾಡಿ ಬೆಳಿಗ್ಗೆ ಬರುತ್ತದೆ ಅಂತ ತುಂಬಿದ ಚೀಲಗಳನ್ನು ದಂಡೆಯ ಮೇಲ್ಗಡೆ ಸಾಲಾಗಿ ಇಟ್ಟು ಬಂದೆವು. ಅಮಾವಾಸ್ಯೆ ಹುಣ್ಣಿಮೆಗೆ ಉಬ್ಬರ ಎಷ್ಟು ಮೇಲೆ ಬರುತ್ತದೆ ಅನ್ನುವುದು ನಮಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಹೋದಾಗ ಅರ್ಧಕ್ಕರ್ಧ ಚೀಲ ಇರಲಿಲ್ಲ, ಉಳಿದವು ಹರಿದು ಹರಡಿದ್ದವು. ಆರು ಜನ ಇಡೀ ದಿನ ಬೆನ್ನು ಬಗ್ಗಿಸಿ ತೆಗೆದದ್ದನ್ನು ನಾವೇ ಕೈಯಾರೆ ಕಡಲಿಗೆ ವಾಪಸ್ ಕೊಟ್ಟ ಹಾಗಾಯಿತು. ಅವತ್ತು ಯಾರೂ ಹೆಚ್ಚು ಮಾತಾಡಲಿಲ್ಲ. ಈಗ ಗಾಡಿ ಬಂದು ನಿಂತ ಮೇಲೇ ಮೊದಲ ಚೀಲ ಬಿಚ್ಚುವುದು.

ಮೂರ್ನಾಲ್ಕು ತಿಂಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮುಚ್ಚಳ. ಮುಚ್ಚಳದ ಸಾಲಿನಲ್ಲಿ ಗೀಟು ಹಾಕಲು ಜಾಗವೇ ಸಾಕಾಗುತ್ತಿರಲಿಲ್ಲ. ಬಾಟಲಿಗಳೋ, ಬೆರಳಲ್ಲಿ ಎಣಿಸುವಷ್ಟು. ಒಂದು ಬಾಟಲಿಗೆ ಒಂದೇ ಮುಚ್ಚಳ ಅಲ್ವಾ? ಹಾಗಾದರೆ ಬಾಟಲಿಗಳೆಲ್ಲ ಎಲ್ಲಿ ಹೋದವು? ಬಕೆಟ್ಟಿನಲ್ಲಿ ಕಡಲ ನೀರು ತುಂಬಿ, ಒಂದು ಬಾಟಲಿಯನ್ನು ಕತ್ತರಿಸಿ ಅದರ ಚೂರನ್ನೂ ಮುಚ್ಚಳವನ್ನೂ ಒಟ್ಟಿಗೆ ಹಾಕಿದೆವು. ಮುಚ್ಚಳ ತೇಲಿತು, ಬಾಟಲಿಯ ಚೂರು ನಿಧಾನವಾಗಿ ಸುತ್ತುತ್ತಾ ತಳಕ್ಕೆ ಹೋಗಿ ಕೂತಿತು. ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ಮುಚ್ಚಳ ಮಾಡುವ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಮುಚ್ಚಳ ಬಿಗಿಯಾಗಿದ್ದರೆ ಒಳಗಿನ ಗಾಳಿಯಿಂದ ಬಾಟಲಿಯೂ ತೇಲುತ್ತದೆ. ಮುಚ್ಚಳ ಬಿಚ್ಚಿ ಎಸೆದರೆ ನೀರು ತುಂಬಿ ಮುಳುಗುತ್ತದೆ. ಅಂದರೆ ನಮ್ಮ ದಂಡೆಯಲ್ಲಿ ಕಂಡ ಒಂದೊಂದು ಮುಚ್ಚಳದ ಹಿಂದೆಯೂ ನಮ್ಮ ಕಣ್ಣಿಗೆ ಬೀಳದ ಒಂದು ಬಾಟಲಿ ಎಲ್ಲೋ ತಳದಲ್ಲಿ ಬಿದ್ದಿರಬಹುದು. ಅವತ್ತಿನವರೆಗೆ ದಂಡೆ ಶುಚಿಯಾದರೆ ಕಡಲು ಶುಚಿಯಾದ ಹಾಗೆ ಅಂದುಕೊಂಡಿದ್ದೆ. ಆ ಬಕೆಟ್ ನೋಡಿದ ಮೇಲೆ ಆ ಭರವಸೆ ಉಳಿಯಲಿಲ್ಲ.

ಹೀಗೆ ಎಣಿಸಿದ ಹಾಳೆಗಳು ಕಾನೂನನ್ನೂ ಬದಲಾಯಿಸಿವೆ. ಯುರೋಪಿನ ದಂಡೆಗಳಲ್ಲಿ ಅತಿ ಹೆಚ್ಚು ಸಿಗುವ ಒಮ್ಮೆ ಬಳಸಿ ಎಸೆಯುವ ಹತ್ತು ಬಗೆಯ ವಸ್ತುಗಳನ್ನು ಗುರುತಿಸಿ ಐರೋಪ್ಯ ಒಕ್ಕೂಟ 2019ರಲ್ಲಿ ಕಾನೂನು ತಂದಿತು. ಅದರ ಪ್ರಕಾರ 2024ರ ಜುಲೈನಿಂದ ಅಲ್ಲಿನ ಪಾನೀಯದ ಬಾಟಲಿಗಳಿಗೆ, ಮೂರು ಲೀಟರ್‌ವರೆಗಿನವಕ್ಕೆ, ತೆರೆದ ಮೇಲೂ ಮುಚ್ಚಳ ಅಂಟಿಕೊಂಡೇ ಇರಬೇಕು. ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಯಾರೋ ಮುಚ್ಚಳ ಎಣಿಸಿದ್ದು ಕಾರ್ಖಾನೆಯ ಅಚ್ಚನ್ನೇ ಬದಲಿಸಿತು ಅನ್ನುವುದು ನನಗೆ ಇವತ್ತಿಗೂ ಧೈರ್ಯ ಕೊಡುವ ಸಂಗತಿ. ಇಡೀ ಜಗತ್ತಿಗೆ ಒಂದು ಪ್ಲಾಸ್ಟಿಕ್ ಒಪ್ಪಂದ ಮಾಡಬೇಕೆಂದು 2022ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ತೀರ್ಮಾನಿಸಿತು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಒಮ್ಮತಕ್ಕೆ ಬಾರದೆ ಎದ್ದು ಹೋದವು. ಆ ಸುದ್ದಿ ಓದಿದ ದಿನ ತುಂಬಾ ನೋವಾಯಿತು.

ಈಗ ಖಾಲಿ ಸಾಲಿನ ವಿಷಯ.

ಸಣ್ಣ ಚೂರುಗಳಿಗೆ ನಾವು ಜರಡಿ ಹಿಡಿಯುತ್ತೇವೆ. ಪಾಚಿ ಗೆರೆಯ ಮರಳನ್ನು ಒಂದು ಬೊಗಸೆ ತೆಗೆದು ಕಡಲ ನೀರಿನ ಬಕೆಟ್ಟಿಗೆ ಹಾಕಿ ಕೈಯಾಡಿಸಿದರೆ ಮರಳು ಕೆಳಗೆ ಕೂರುತ್ತದೆ, ಹಗುರ ಪ್ಲಾಸ್ಟಿಕ್ ಮೇಲೆ ಬರುತ್ತದೆ. ಅದನ್ನು ಜರಡಿಯಲ್ಲಿ ಸೋಸುವುದು. ಬಿಸಿಲಿಗೆ ಬೆಂದು ಒಣ ಎಲೆಯ ಹಾಗೆ ಪುಡಿಯಾದ ಚೀಲದ ಚೂರು, ನೀಲಿ ಹಗ್ಗದ ಎಳೆ, ಮಣಿಯಂಥ ಉರುಟು ಕಾಳು. ಈ ಕಾಳುಗಳು ಯಾರೋ ಬಳಸಿ ಎಸೆದ ಕಸವೇ ಅಲ್ಲ. ಪ್ಲಾಸ್ಟಿಕ್ ಸಾಮಾನು ಮಾಡುವ ಕಚ್ಚಾ ಮಾಲು, ಸಾಗಿಸುವಾಗ ಚೆಲ್ಲಿದ್ದು. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್‌ಪ್ರೆಸ್ ಪರ್ಲ್ ಎಂಬ ಹಡಗಿಗೆ ಬೆಂಕಿ ಬಿದ್ದಾಗ ಇಂಥ ಕಾಳು ಸಾವಿರಾರು ಚೀಲ ಕಡಲು ಸೇರಿ, ದಂಡೆಗಳಲ್ಲಿ ಮೊಣಕಾಲುದ್ದ ಬಂದು ಬಿದ್ದಿತ್ತು.

ಹೀಗೆ ಸೋಸುವಾಗ ಒಂದು ದಿನ ಗಾಲಿಯಂಥ ಒಂದು ವಸ್ತು ಸಿಕ್ಕಿತು. ಬಿಳಿ ಬಣ್ಣ, ಅಂಗಿಯ ಗುಂಡಿಯಷ್ಟು ಅಗಲ, ಒಳಗೆ ಅಡ್ಡಪಟ್ಟಿಗಳು, ಅಂಚಿನಲ್ಲಿ ಹಲ್ಲು. ಆಟದ ಸಾಮಾನಿನದ್ದಿರಬೇಕು ಅಂತ ಖಾಲಿ ಸಾಲಿನಲ್ಲಿ "ಗಾಲಿ, 1" ಎಂದು ಬರೆದೆವು. ಮುಂದಿನ ಸಲ ಒಂಬತ್ತು ಸಿಕ್ಕವು. ಅದರ ಮುಂದಿನ ಸಲ, ದೊಡ್ಡ ಮಳೆಯಾದ ಮೇಲೆ, ಅರ್ಧ ಬಕೆಟ್. ಆಗ ಕುತೂಹಲ ಹೋಗಿ ಗಾಬರಿ ಶುರುವಾಯಿತು.

ವಿಚಾರಿಸಿದ ಮೇಲೆ ತಿಳಿಯಿತು: ಕೊಳಚೆ ನೀರು ಶುದ್ಧ ಮಾಡುವ ತೊಟ್ಟಿಗಳಲ್ಲಿ ಇವನ್ನು ಹಾಕಿರುತ್ತಾರಂತೆ. ಇವುಗಳ ಸಂದಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೊಳಕನ್ನು ತಿನ್ನುತ್ತದೆ. ತೊಟ್ಟಿಯ ಬಾಯಿಗೆ ಇರುವ ಜಾಲರಿ ಹರಿದರೆ ಅಥವಾ ತೊಟ್ಟಿ ಉಕ್ಕಿದರೆ ನೀರಿನ ಜೊತೆ ಇವೂ ಹೊರಗೆ. 2018ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ಹೀಗೇ ಆಗಿತ್ತು. ದಂಡೆ ದಂಡೆಗಳಲ್ಲಿ ಇಂಥ ಬಿಲ್ಲೆಗಳು ಸಿಗತೊಡಗಿದಾಗ ಅಲ್ಲಿನ ಸ್ವಯಂಸೇವಕರು ಎಲ್ಲಿ ಎಷ್ಟು ಸಿಕ್ಕಿತು ಅಂತ ವರದಿ ಕೂಡಿಸಿದರು, ಕಡಲ ಪ್ರವಾಹ ಬಲ್ಲವರು ಅದನ್ನು ಹಿಂದಕ್ಕೆ ಲೆಕ್ಕ ಹಾಕಿದರು, ಕೊನೆಗೆ ಪೆಸ್ಟಮ್ ಹತ್ತಿರದ ಒಂದು ಶುದ್ಧೀಕರಣ ಘಟಕದ ತನಕ ಜಾಡು ಸಿಕ್ಕಿತು.

ನಮಗೆ ಪ್ರವಾಹದ ಲೆಕ್ಕ ಬೇಕಾಗಲಿಲ್ಲ. ನಮ್ಮ ಹಾಳೆಯಲ್ಲಿ ಗಾಲಿಗಳು ಜಾಸ್ತಿ ಇದ್ದದ್ದು ಅಳಿವೆಗೆ ಹತ್ತಿರದ ತುದಿಯಲ್ಲಿ. ಹಾಗಾಗಿ ಹೊಳೆಯ ಏರಿ ಹಿಡಿದು ಮೇಲಕ್ಕೆ ನಡೆದೆವು. ಎರಡು ದಿನ ಬೇಕಾಯಿತು. ಪ್ರತಿ ತೂಬಿನ ಬಾಯಲ್ಲೂ ನಿಂತು ಕೆಳಗಿನ ಕೆಸರನ್ನು ಜರಡಿ ಹಿಡಿದು ನೋಡುವುದು. ಗಾಲಿ ಸಿಕ್ಕರೆ ಮೇಲಕ್ಕೆ ನಡೆಯುವುದು, ಸಿಗದಿದ್ದರೆ ಅದರ ಕೆಳಗಿನ ತೂಬೇ ಮೂಲ. ಎರಡನೇ ದಿನ ಮಧ್ಯಾಹ್ನ ಆ ತೂಬು ಸಿಕ್ಕಿತು. ನೀರು ಬರುವ ಕೊಳವೆಯ ಕೆಳಗೆ ಹುಲ್ಲಿನ ಬುಡದಲ್ಲೆಲ್ಲ ಗಾಲಿಗಳು ಹೂವು ಉದುರಿದ ಹಾಗೆ ಬಿದ್ದಿದ್ದವು.

ಆ ಕೊಳವೆ ಒಂದು ಕೊಳಚೆ ನೀರು ಶುದ್ಧೀಕರಣ ಘಟಕದ್ದು. ಘಟಕದವರ ಹತ್ತಿರ ಜಗಳಕ್ಕೆ ಹೋಗಲಿಲ್ಲ. ದಿನಾಂಕ ಹಾಕಿದ ಹಾಳೆಗಳು, ಒಂದು ಡಬ್ಬ ಗಾಲಿ, ತೂಬಿನ ಫೋಟೊ, ಇಷ್ಟು ಹಿಡಿದುಕೊಂಡು ಹೋದೆವು. ಮೊದಲು "ನಮ್ಮದಲ್ಲ" ಅಂದರು. ಒಳಗಿನ ತೊಟ್ಟಿಯಲ್ಲಿ ತೇಲುತ್ತಿದ್ದ ಒಂದನ್ನು ತಂದು ನಮ್ಮ ಡಬ್ಬದ ಪಕ್ಕ ಇಟ್ಟು ನೋಡಿದ ಮೇಲೆ ಮೇಲ್ವಿಚಾರಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಏಣಿ ಇಟ್ಟು ಹತ್ತಿ ಜಾಲರಿ ತೋರಿಸಿದರು. ಒಂದು ಮೂಲೆಯಲ್ಲಿ ಬೆಸುಗೆ ಬಿಟ್ಟು ಅಂಗೈ ಹೋಗುವಷ್ಟು ಬಾಯಿ ಬಿಟ್ಟಿತ್ತು. ಅಷ್ಟೇ ತೂತು. ಎರಡು ವಾರದಲ್ಲಿ ಸರಿ ಮಾಡಿಸಿದರು, ಹೊರಗಿನ ಕೊಳವೆಗೂ ಇನ್ನೊಂದು ಜಾಲರಿ ಹಾಕಿಸಿದರು. ನಮ್ಮ ಕೈಯಲ್ಲಿ ಲೆಕ್ಕ ಇಲ್ಲದಿದ್ದರೆ ಅವರು ಗೇಟಿನಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು ಅಂತ ನನ್ನ ನಂಬಿಕೆ.

ಆ ಎರಡು ದಿನದ ನಡಿಗೆಯಲ್ಲಿ ಇನ್ನೊಂದು ಕಂಡಿತು. ಹೊಳೆಗೆ ಸೇರುವ ಒಂದು ಹಳ್ಳ ಕಸವನ್ನು ರಾಶಿ ರಾಶಿ ತರುತ್ತಿತ್ತು. ನದಿಗಳಿಂದ ಕಡಲಿಗೆ ಹೋಗುವ ಪ್ಲಾಸ್ಟಿಕ್ಕಿನ ಬಗ್ಗೆ 2021ರಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಹೇಳುತ್ತದೆ. ಕೆಲವೇ ದೊಡ್ಡ ನದಿಗಳು ಕಾರಣ ಅಂತ ಮುಂಚೆ ಅಂದುಕೊಂಡಿದ್ದರು. ಆದರೆ ಶೇ 80ರಷ್ಟನ್ನು ತರುವುದು ಸಾವಿರಕ್ಕೂ ಹೆಚ್ಚು ನದಿಗಳು, ಅದರಲ್ಲೂ ಊರುಗಳ ನಡುವೆ ಹರಿಯುವ ಸಣ್ಣವು. ಸಣ್ಣದು ಅಂದರೆ ನಮ್ಮಂಥವರ ಕೈಗೆ ಎಟುಕುವಂಥದ್ದು.

ಆ ಹಳ್ಳಕ್ಕೆ ಅಡ್ಡ ಕಟ್ಟಲು ಹಗ್ಗಕ್ಕೆ ಖಾಲಿ ಕ್ಯಾನುಗಳನ್ನು ಬಿಗಿದು, ಕೆಳಗೆ ಒಂದಡಿ ಜಾಲರಿ ಇಳಿಬಿಟ್ಟೆವು. ಮೊದಲ ಸಲ ಈ ದಡದಿಂದ ಆ ದಡಕ್ಕೆ ನೇರ ಕಟ್ಟಿದ್ದೆವು. ಕಸ ನಡುಮಧ್ಯಕ್ಕೆ ಬಂದು ಒತ್ತಿ ಒತ್ತಿ, ಒಂದು ಜೋರು ಮಳೆಗೆ ಹಗ್ಗ ಹರಿದು, ಹತ್ತು ದಿನ ತಡೆದಿಟ್ಟದ್ದೆಲ್ಲ ಒಂದೇ ರಾತ್ರಿಯಲ್ಲಿ ಹೋಯಿತು. ಎರಡನೇ ಸಲ ಓರೆಯಾಗಿ ಕಟ್ಟಿದೆವು. ಓರೆಯಾಗಿದ್ದರೆ ನೀರೇ ಕಸವನ್ನು ಹಗ್ಗದ ಗುಂಟ ದಡಕ್ಕೆ ದೂಡಿಕೊಂಡು ಬರುತ್ತದೆ, ನಾವು ದಡದಲ್ಲೇ ನಿಂತು ಎಳೆದುಕೊಳ್ಳಬಹುದು. ಒಂದು ತುದಿಯ ಗಂಟನ್ನು ಬೇಕೆಂದೇ ತೆಳು ದಾರದಲ್ಲಿ ಹಾಕಿದ್ದೇವೆ. ನೆರೆ ಬಂದರೆ ಅದು ಮೊದಲು ಕಡಿದು, ಅಡ್ಡ ಇಡಿಯಾಗಿ ಬಾಗಿಲಿನಂತೆ ದಡಕ್ಕೆ ತಿರುಗಿ ಉಳಿಯುತ್ತದೆ. ಮೀನು, ಆಮೆ ಜಾಲರಿಯ ಕೆಳಗೆ ದಾಟುತ್ತವೆ. ದಿನಾ ಒಬ್ಬರು ಹೋಗಿ ನೋಡಲೇಬೇಕು. ನೋಡಲು ಜನ ಇಲ್ಲದಿದ್ದರೆ ಕಟ್ಟಬೇಡಿ.

ಬಲೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹವಾಯಿಗೂ ಕ್ಯಾಲಿಫೋರ್ನಿಯಾಕ್ಕೂ ನಡುವೆ ಪೆಸಿಫಿಕ್‌ನಲ್ಲಿ ಸುತ್ತುವ ಕಸದ ರಾಶಿಯಲ್ಲಿ ತೂಕದ ಶೇ 46ರಷ್ಟು ಮೀನಿನ ಬಲೆಗಳೇ ಅಂತ 2018ರ ಅಧ್ಯಯನ ಹೇಳಿತು. ನಮ್ಮ ಹಾಳೆಯಲ್ಲಿ ದೊಡ್ಡ ಬಲೆ ಕಡಿಮೆ, ಬಲೆ ಹೊಲಿಯುವಾಗ ಕತ್ತರಿಸಿದ ಗೇಣುದ್ದದ ತುಂಡು ಜಾಸ್ತಿ. ಅದನ್ನು ಬಲೆ ಹೊಲಿಯುವ ಜಾಗಕ್ಕೇ ತೆಗೆದುಕೊಂಡು ಹೋಗಿ ಹಿರಿಯರೊಬ್ಬರ ಮುಂದೆ ಇಟ್ಟೆ. "ನಮ್ಮನ್ನು ಬೈಯೋಕೆ ಬಂದಿಯಾ ತಮ್ಮಾ?" ಅಂದರು. "ಇಲ್ಲ ಅಣ್ಣಾ, ಇದನ್ನು ಎಲ್ಲಿ ಹಾಕಿದರೆ ನಿಮಗೆ ಅನುಕೂಲ ಅಂತ ಕೇಳೋಕೆ ಬಂದೆ" ಅಂದೆ. ಕೂತಲ್ಲೇ ಕೈಗೆ ಸಿಗುವ ಹಾಗೆ ಕಂಬಕ್ಕೆ ಚೀಲ ಕಟ್ಟಿ ಅಂದರು. ಕಟ್ಟಿದೆವು. ಈಗ ತುಂಬಿದಾಗ ಅವರೇ ಹೇಳಿ ಕಳಿಸುತ್ತಾರೆ. ಮರಳಲ್ಲಿ ಹೂತ ಬಲೆಯನ್ನು ಎಳೆಯಬಾರದು, ಸುತ್ತ ಅಗೆದು ಸಡಿಲ ಮಾಡಿ ಎತ್ತಬೇಕು ಅಂತ ಕಲಿಸಿದ್ದೂ ಅವರೇ.

ಗಾಲಿಗಳ ಸಾಲನ್ನು ಈಗ ಹಾಳೆಯಲ್ಲೇ ಅಚ್ಚು ಹಾಕಿಸಿದ್ದೇವೆ. ಜಾಲರಿ ಸರಿ ಮಾಡಿದ ಮೇಲೂ ಸಿಗುತ್ತಲೇ ಇವೆ, ಏಕೆಂದರೆ ಮುಂಚೆ ಬಂದು ಮರಳಲ್ಲಿ ಹೂತದ್ದನ್ನು ಪ್ರತಿ ದೊಡ್ಡ ಅಲೆಯೂ ಅಗೆದು ತೆಗೆಯುತ್ತದೆ. ಅದಕ್ಕೇ ಪ್ರತಿಯೊಂದನ್ನೂ ತಿರುಗಿಸಿ ನೋಡಿ ಹೊಸದೋ ಹಳೆಯದೋ ಅಂತ ಬೇರೆ ಬೇರೆ ಬರೆಯುತ್ತೇವೆ. ಕಳೆದ ಭಾನುವಾರ ಏಳು ಸಿಕ್ಕವು. ಏಳೂ ಹಳೆಯವು, ಹಲ್ಲು ಸವೆದು, ಬಿಳಿ ಹೋಗಿ ಹಳದಿಗೆ ತಿರುಗಿದವು.